ಬಲಪುಟದಲ್ಲಿ ನಾಲ್ಕೇ ಸಾಲು

(ಗುರುತು ಸಿಗದಂತೆ ಹೆಸರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಹುಡುಗಿಯನ್ನು ಸ್ಮಿತಾ ಎನ್ನೋಣ.)

ಸ್ಮಿತಾಗೆ 17. ದ್ವಿತೀಯ ಪಿಯು, ಪಿಸಿಎಂಬಿ. ಅಮ್ಮ ಹೈಸ್ಕೂಲ್ ಟೀಚರ್. ಗಣಿತದ ಅಂಕ 94ರಿಂದ 61ಕ್ಕೆ ಇಳಿದಾಗ ಅಮ್ಮ ಮಗಳ ಫೋನ್ ತೆಗೆದು ನೋಡಿದ್ದಾರೆ. ಸಿಕ್ಕಿದ್ದು ಕಾಮರ್ಸ್ ಸೆಕ್ಷನ್ನಿನ ಹುಡುಗನೊಬ್ಬನ ಜೊತೆಗಿನ ಚಾಟು, ಜೊತೆಗೆ ನಲವತ್ತು ಚಿಲ್ಲರೆ ಇಂಗ್ಲಿಷ್ ಕಾದಂಬರಿ. ಎಲ್ಲವೂ ಹದಿಹರೆಯದ ಪ್ರೇಮಕಥೆಗಳೇ.

"ಯಾವುದರಲ್ಲಿ ಹೊಂದಿಕೆ ಹೇಳಿ ಮೇಡಂ? ಇವಳು ದಿನವಿಡೀ ವಟವಟ ಅಂತಾಳೆ, ಅವನು ಬಾಯೇ ಬಿಡಲ್ಲ. ಇವಳು ಕ್ಲಾಸಿಗೇ ಫಸ್ಟು, ಅವನಿಗೆ ಅಟೆಂಡೆನ್ಸೇ ಇಲ್ಲ. ಈ ಪುಸ್ತಕಗಳೇ ತಲೆ ಕೆಡಿಸಿದ್ದು," ಎಂದರು ಅಮ್ಮ. ಅಪ್ಪ ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆಂದು ಕೂತಿದ್ದರು.

ಮೊದಲು ಸ್ಮಿತಾಳನ್ನು ಒಬ್ಬಳನ್ನೇ ಕೂರಿಸಿಕೊಂಡೆ. ಇಲ್ಲಿ ಆಡಿದ ಮಾತು ಅಮ್ಮನಿಗೆ ಹೋಗುವುದಿಲ್ಲ, ಆದರೆ ನಿನಗೆ ಅಪಾಯವಿದೆ ಅನಿಸಿದರೆ ನಾನು ಸುಮ್ಮನಿರುವಂತಿಲ್ಲ ಎಂದು ಮುಂಚೆಯೇ ಹೇಳಿದೆ. ಒತ್ತಾಯ, ಬೆದರಿಕೆ, ಫೋಟೊ ಕಳಿಸು ಎಂಬ ಪೀಡನೆ, ದುಡ್ಡಿನ ವಿಷಯ, ಒಂದೊಂದಾಗಿ ಕೇಳಿದೆ. ಯಾವುದೂ ಇರಲಿಲ್ಲ. ಬಸ್ಸಿನಲ್ಲಿ ಅಕ್ಕಪಕ್ಕ ಕೂರುವುದು, ಕ್ಯಾಂಟೀನ್ ಎದುರು ನಿಂತು ಮಾತು, ಅಷ್ಟೇ. ಮಾತೂ ಮುಕ್ಕಾಲು ಪಾಲು ಇವಳದೇ.

ಅಪ್ಪನಿಗೆ ನೇರವಾಗಿ ಹೇಳಿದೆ: 2012ರ ಪೋಕ್ಸೊ ಕಾಯ್ದೆ ಲೈಂಗಿಕ ದೌರ್ಜನ್ಯದಿಂದ ಮಕ್ಕಳ ರಕ್ಷಣೆಗೆ ಇರುವುದು. 18 ತುಂಬದವರ ಒಪ್ಪಿಗೆಯನ್ನು ಅದು ಒಪ್ಪಿಗೆ ಎಂದು ಎಣಿಸುವುದಿಲ್ಲ, ಆ ಎಚ್ಚರ ಮಕ್ಕಳಿಬ್ಬರಿಗೂ ಇರಬೇಕು. ದೌರ್ಜನ್ಯ ನಡೆದಿದ್ದರೆ ದೂರು ಕೊಡಿಸಲು ನಾನೇ ನಿಮ್ಮ ಜೊತೆ ಬರುತ್ತಿದ್ದೆ. ನಡೆಯದೇ ಇದ್ದದ್ದಕ್ಕೆ ಕೊಟ್ಟರೆ ಹದಿನೇಳರ ಹುಡುಗ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾದೀತು, ನಿಮ್ಮ ಮಗಳು ಹೇಳಿಕೆ ಕೊಡಲು ಅಲೆಯಬೇಕಾದೀತು. ಅವರು ಮಾತಾಡಲಿಲ್ಲ. ಮುಂದಿನ ವಾರ ಬರಲೂ ಇಲ್ಲ, ಆದರೆ ಠಾಣೆಗೂ ಹೋಗಲಿಲ್ಲ.

ಇನ್ನು ಪುಸ್ತಕ. ಓದದೆ ಬೈಯುವುದು ನನಗಾಗದು. ಅವಳಿಗೆ ಬಹಳ ಇಷ್ಟವಾದದ್ದೊಂದನ್ನು ಕೇಳಿ ಪಡೆದು ಎರಡು ರಾತ್ರಿಯಲ್ಲಿ ಮುಗಿಸಿದೆ. ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಈ ಮಾದರಿಗೆ ಓದುಗ ಮಕ್ಕಳು ಇಟ್ಟಿರುವ ಹೆಸರು 'ಗ್ರಂಪಿ-ಸನ್‌ಶೈನ್'. ಒಬ್ಬರು ಮುಖ ಗಂಟಿಕ್ಕಿಕೊಂಡವರು, ಇನ್ನೊಬ್ಬರು ನಗುನಗುತ್ತಾ ಇರುವವರು. ಹುಡುಗನ ಸಿಡುಕಿನ ಹಿಂದೆ ಎಂದೂ ಒಂದು ಗಾಯ. ಅದನ್ನು ಕಾಣುವ ಕಣ್ಣು ಇಡೀ ಶಾಲೆಯಲ್ಲಿ ಆ ಒಬ್ಬ ಹುಡುಗಿಗೆ ಮಾತ್ರ.

ನನ್ನ ಗಮನ ಹೋದದ್ದು ಕಥೆ ಕಟ್ಟಿದ ರೀತಿಯ ಕಡೆಗೆ. ಒಂದು ಅಧ್ಯಾಯ ಅವಳ ಬಾಯಲ್ಲಿ, ಮುಂದಿನದು ಅವನ ಬಾಯಲ್ಲಿ. ಅವನು ಕ್ಲಾಸಿನಲ್ಲಿ 'ಹೂಂ' ಎಂದಷ್ಟೇ ಅಂದು ಎದ್ದು ಹೋದರೂ ಪುಟ ತಿರುಗಿಸಿದರೆ ಅವನ ಎದೆಯೊಳಗಿನದೆಲ್ಲ ನಮಗೆ ಗೊತ್ತಾಗಿಬಿಡುತ್ತದೆ. ಸ್ಮಿತಾಳ ಹುಡುಗನಿಗೆ ಆ ಎರಡನೇ ಅಧ್ಯಾಯವಿಲ್ಲ. ಅವನು 'ಹೂಂ' ಎಂದರೆ 'ಹೂಂ' ಅಷ್ಟೇ. ಮುಂದಿನ ಅಧ್ಯಾಯವನ್ನು ಇವಳೇ ಬರೆದುಕೊಳ್ಳುತ್ತಿದ್ದಳು.

ಇದನ್ನು ಅವಳಿಗೆ ಭಾಷಣದಂತೆ ಹೇಳಿದ್ದರೆ ಎದ್ದು ಹೋಗುತ್ತಿದ್ದಳು. "ವಿಜಾತಿ ಧ್ರುವಗಳು ಆಕರ್ಷಿಸುತ್ತವೆ, ಫಿಸಿಕ್ಸಲ್ಲೇ ಇದೆ ಮೇಡಂ," ಎಂದು ನನ್ನನ್ನೇ ಛೇಡಿಸಿದಳು. ಅದು ಆಯಸ್ಕಾಂತದ ಮಾತು, ಮನುಷ್ಯರದ್ದಲ್ಲ ಎಂದೆ. 2023ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದವರು ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಜೋಡಿಗಳು ಬಹುತೇಕ ಗುಣಗಳಲ್ಲಿ ಒಬ್ಬರನ್ನೊಬ್ಬರು ಹೋಲುತ್ತಿದ್ದದ್ದು ಕಂಡಿತ್ತು, ಅದನ್ನೂ ಹೇಳಿದೆ. ಅವಳಿಗೆ ಅದೇನೂ ನಾಟಲಿಲ್ಲ. ಹದಿನೇಳರಲ್ಲಿ ನನಗೂ ನಾಟುತ್ತಿರಲಿಲ್ಲ.

ನಾಟಿದ್ದು ಲ್ಯಾಬ್ ರೆಕಾರ್ಡು. ಬ್ಯಾಗಿನಲ್ಲಿದ್ದ ಒಂದು ಖಾಲಿ ರೆಕಾರ್ಡ್ ಪುಸ್ತಕ ತೆಗೆಸಿದೆ. ಅದರ ಬಲಪುಟಕ್ಕೆ ಗೆರೆ, ಎಡಪುಟ ಚಿತ್ರಕ್ಕೆಂದು ಖಾಲಿ. "ಅವನು ತಾನಾಗಿ ಹೇಳಿದ್ದು, ಮಾಡಿದ್ದು ಬಲಕ್ಕೆ. ನಿನಗೆ ಅನಿಸಿದ್ದು ಎಡಕ್ಕೆ. ಒಂದು ವಾರ ಬರಿ," ಎಂದೆ.

ವಾರದ ಮೇಲೆ ತಂದಳು. ಎಡಪುಟ ಅಂಚಿನವರೆಗೆ ತುಂಬಿತ್ತು: ಅಪ್ಪನ ಮೇಲೆ ಸಿಟ್ಟಿದೆ, ಯಾರನ್ನೂ ನಂಬುವುದಿಲ್ಲ, ನನ್ನೆದುರು ಮಾತ್ರ ನಗುತ್ತಾನೆ. ಬಲಪುಟದಲ್ಲಿ ನಾಲ್ಕೇ ಸಾಲು. ಅದರಲ್ಲೊಂದು 'ಸಮೋಸ ಕೊಡಿಸಿದ'. ಅವಳೇ ಅದನ್ನು ಬಹಳ ಹೊತ್ತು ನೋಡಿ, "ಅಯ್ಯೋ," ಎಂದು ನಕ್ಕಳು. ಆಮೇಲೆ ಅತ್ತಳು.

ಬಿಡು ಎಂದು ನಾನು ಹೇಳಲಿಲ್ಲ. ಅವನನ್ನೇ ಕೇಳು ಎಂದೆ. ನೀನು ಊಹಿಸಿದ್ದನ್ನು ಅವನ ಬಾಯಿಗೆ ತುರುಕದೆ, ಒಂದು ಪ್ರಶ್ನೆ ಕೇಳಿ ಸುಮ್ಮನಿರು. ಸುಮ್ಮನಿರುವುದು ಅವಳಿಗೆ ಕಷ್ಟದ ಹೋಂವರ್ಕು.

ಕೇಳಿದಳು. ಹುಡುಗ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅಪ್ಪನ ಜೊತೆ ಪೇಪರ್ ಬಂಡಲ್ ಬಿಚ್ಚಿ, ಪುರವಣಿ ಸೇರಿಸಿ, ಮನೆಮನೆಗೆ ಹಾಕಿ ಬರುತ್ತಾನೆ. ಮೊದಲ ಪೀರಿಯಡ್ ತಪ್ಪುವುದು ಅದಕ್ಕೆ. ಅಪ್ಪನ ಜೊತೆ ಜಗಳವೇನಿಲ್ಲ. "ನಿದ್ದೆ ಕಣೇ. ನೀನು ನನ್ನೊಳಗೆ ಏನೋ ನೋವಿದೆ ಅಂತೀಯ, ನಾನೂ ಹುಡುಕಿದೆ, ಸಿಗ್ತಿಲ್ಲ," ಎಂದನಂತೆ. ನನಗೆ ಆ ಹುಡುಗನ ಮೇಲೆ ಗೌರವ ಬಂದದ್ದು ಆಗ.

ಅಮ್ಮನ ಜೊತೆ ಇನ್ನೂ ಕೆಲಸವಿತ್ತು. ನಿಮ್ಮ ಕಾಲದಲ್ಲಿ ಏನು ಓದುತ್ತಿದ್ದಿರಿ ಎಂದು ಕೇಳಿದಾಗ ತುಸು ನಾಚಿದರು. ಸುಧಾ, ತರಂಗದ ಧಾರಾವಾಹಿಗಳನ್ನು ಕತ್ತರಿಸಿ, ದಾರದಲ್ಲಿ ಹೊಲಿದು, ಕೆಮಿಸ್ಟ್ರಿ ನೋಟ್ಸಿನ ನಡುವೆ ಇಟ್ಟುಕೊಂಡು ಓದಿದವರು ಅವರು. "ಅದರಲ್ಲೂ ಮುಂಗೋಪಿ ಹೀರೋನೇ," ಎಂದು ತಾವೇ ಸೇರಿಸಿದರು.

ಅವರಿಗೆ ಕೊಟ್ಟ ಸಲಹೆ ಇಷ್ಟು. ಪುಸ್ತಕ ಅಳಿಸಬೇಡಿ, ಅದನ್ನು ಕೇಳಿ ಓದಿ. ಮಗಳ ಚಾಟನ್ನು ಕದ್ದು ನೋಡುವುದು ನಿಲ್ಲಿಸಿ, ನೋಡಿದ್ದಕ್ಕೆ ಒಮ್ಮೆ ಸಾರಿ ಹೇಳಿ. ತಾಯಿ ಸಾರಿ ಹೇಳಿದರೆ ಮಾನ ಹೋಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮನೆಯ ಎಲ್ಲರ ಫೋನೂ ನಡುಮನೆಯ ಮೇಜಿನ ಮೇಲೆ, ಅಪ್ಪನದೂ ಸೇರಿ. ಗಣಿತದ ಅಂಕ ಇಳಿದದ್ದು ಪ್ರೇಮಕ್ಕಿಂತ ಹೆಚ್ಚಾಗಿ ರಾತ್ರಿ ಎರಡರ ತನಕ ಓದಿದ್ದಕ್ಕೆ ಎಂಬುದು ನನ್ನ ಅಂದಾಜು.

ಅಪ್ಪನ ಫೋನಿನ ವಿಷಯಕ್ಕೇ ಮನೆಯಲ್ಲಿ ಹೆಚ್ಚು ಜಗಳವಾಯಿತಂತೆ.

ಪ್ರಿಪರೇಟರಿ ಪರೀಕ್ಷೆ ಮುಗಿಸಿ ಸ್ಮಿತಾ ಕೊನೆಯ ಸಲ ಬಂದಾಗ ಇಬ್ಬರೂ ಬಸ್ಸಿನಲ್ಲಿ ಇನ್ನೂ ಅಕ್ಕಪಕ್ಕವೇ ಕೂರುತ್ತಿದ್ದರು. ಇದು ಪ್ರೀತಿಯೋ ಸ್ನೇಹವೋ ಗೊತ್ತಿಲ್ಲ ಎಂದಳು, ಗೊತ್ತಾಗಬೇಕೆಂಬ ಅವಸರವೂ ಕಾಣಲಿಲ್ಲ. ರೆಕಾರ್ಡ್ ಪುಸ್ತಕ ತೋರಿಸಿದಳು. ಬಲಪುಟದಲ್ಲಿ ಹಿಂದಿನ ದಿನದ ದಿನಾಂಕ, ಕೆಳಗೆ 'ಇಡೀ ದಾರಿ ಮಲಗಿದ್ದ, ಸ್ಟಾಪ್ ಬಂದಾಗ ಎಬ್ಬಿಸಿದೆ'. ಎಡಪುಟದಲ್ಲಿ ಒಂದು ಬೆಂಜೀನ್ ಉಂಗುರ, ಅದೂ ಅರ್ಧ ಬಿಡಿಸಿದ್ದು.