ಪಿಸಿಗೆ ಎಎಂಡಿ ಪ್ರೊಸೆಸರ್ ರೈಜೆನ್ 5 5600 ಸಾಕಾ, 7600ಕ್ಕೆ ಹೋಗ್ಬೇಕಾ?

ಬಜೆಟ್ ಟೈಟ್ ಇದ್ರೆ 5600 ತಗೊಳ್ಳಿ, 1080ಪಿ (ಫುಲ್ ಎಚ್‌ಡಿ) ಗೇಮಿಂಗ್‌ಗೆ ಧಾರಾಳವಾಗಿ ಸಾಕು, ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ. ಆದ್ರೆ ಅದು ಎಎಂ4 ಸಾಕೆಟ್ (ಮದರ್‌ಬೋರ್ಡಲ್ಲಿ ಪ್ರೊಸೆಸರ್ ಕೂರೋ ಜಾಗ), ಡಿಡಿಆರ್4 ರ್‍ಯಾಮ್ ಮಾತ್ರ, ಮುಂದೆ ಜಾಸ್ತಿ ಅಪ್‌ಗ್ರೇಡ್ ದಾರಿ ಇಲ್ಲ. 7600ಕ್ಕೆ ಎಎಂ5 ಮದರ್‌ಬೋರ್ಡೇ ಬೇಕು (ಬಿ650 ಚಿಪ್‌ಸೆಟ್ ಇರೋ ಬೋರ್ಡ್ ಸಾಕು, ಎಕ್ಸ್670 ಎಲ್ಲ ಸುಮ್ನೆ ದಂಡ), ರ್‍ಯಾಮ್ ಡಿಡಿಆರ್5, ಹಳೇ ಡಿಡಿಆರ್4 ಇದೆಯಲ್ಲ ಅಂತ ತುರುಕೋಕೆ ಹೋಗ್ಬೇಡಿ, ಅದರ ಕೆಳಗಿರೋ ಕಟ್ ಬೇರೆ ಜಾಗದಲ್ಲಿರುತ್ತೆ, ಸ್ಲಾಟಲ್ಲಿ ಕೂರೋದೇ ಇಲ್ಲ. ಇನ್ನೊಂದು, 5600ರಲ್ಲಿ ಇನ್‌ಬಿಲ್ಟ್ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದೆ ಡಿಸ್‌ಪ್ಲೇನೇ ಬರಲ್ಲ, 7600ರಲ್ಲಿ ಚಿಕ್ಕದೊಂದಿದೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ 5600ಕ್ಕೆ ಅಂತ ಹಳೇ ಸ್ಟಾಕ್ ಬಿ450 ಬೋರ್ಡ್ ಕೊಟ್ರೆ ಬಯೋಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡ್ಸಿಕೊಂಡೇ ಅಂಗಡಿ ಬಿಡಿ, ಇಲ್ಲಾಂದ್ರೆ ಮನೇಲಿ ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು.