ವಾಹನ ಪ್ರಶ್ನೋತ್ತರ: ಕಳಚಿದ ಸ್ಟೀರಿಂಗನ್ನು ಮರಳಿ ಜೋಡಿಸುವಾಗ

ಪ್ರಶ್ನೆ: ನನ್ನದು 2008ರ ಮಾರುತಿ 800. ಸ್ಟೀರಿಂಗ್ ಚಕ್ರ ತಿರುಗಿಸಿದಂತೆ ಎಡಬಲಕ್ಕೆ ಸರಿಯುವ ಹಲ್ಲಿನ ಸರಳಾದ ಸ್ಟೀರಿಂಗ್ ರ‍್ಯಾಕ್‌ನ ರಬ್ಬರ್ ಬೂಟ್ (ಹೊರಕವಚ) ಹರಿದು, ಟೈ ರಾಡ್ ಎಂಡ್‌ಗಳೂ (ರ‍್ಯಾಕನ್ನು ಗಾಲಿಗಳಿಗೆ ಸೇರಿಸುವ ರಾಡ್‌ಗಳ ತುದಿಯ ಕೀಲುಗಳು) ಸವೆದಿದ್ದರಿಂದ ಮನೆಯಂಗಳದಲ್ಲೇ ಎಲ್ಲವನ್ನೂ ಕಳಚಿ, ಹೊಸ ಭಾಗಗಳನ್ನು ಹಾಕಿ ಮತ್ತೆ ಜೋಡಿಸಿದೆ. ರ‍್ಯಾಕ್‌ನಿಂದ ಕಟಕಟ ಶಬ್ದ ಬರುತ್ತಿದ್ದ ಕಾರಣ ಅದರ ಹೊಂದಾಣಿಕೆ ಸ್ಕ್ರೂವನ್ನೂ ಸ್ವಲ್ಪ ಬಿಗಿಗೊಳಿಸಿದೆ. ಈಗ ನೇರ ರಸ್ತೆಯಲ್ಲಿ ಸ್ಟೀರಿಂಗ್ ಚಕ್ರ ಕಾಲು ಸುತ್ತಿನಷ್ಟು ಬಲಕ್ಕೆ ಓರೆಯಾಗಿ ನಿಲ್ಲುತ್ತದೆ. ಎಡಕ್ಕೆ ಎರಡು ಸುತ್ತು ತಿರುಗಿದರೆ ಬಲಕ್ಕೆ ಒಂದೂವರೆ ಸುತ್ತು ಮಾತ್ರ ತಿರುಗುತ್ತದೆ. ತಿರುವು ದಾಟಿದ ಮೇಲೆ ತಾನಾಗಿ ನೇರಕ್ಕೆ ಮರಳುವುದೂ ಇಲ್ಲ. ಸ್ಟೀರಿಂಗ್ ಚಕ್ರವನ್ನು ಬಿಚ್ಚಿ ಒಂದೆರಡು ಹಲ್ಲು ಸರಿಸಿ ಕೂರಿಸಿದರೆ ಸಾಕಾಗುವುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಾಕಾಗುವುದಿಲ್ಲ. ಸುತ್ತುಗಳನ್ನು ಯಾವ ಸ್ಥಿತಿಯಿಂದ ಎಣಿಸಿದಿರಿ ಎಂಬುದನ್ನು ನೀವು ತಿಳಿಸಿಲ್ಲ; ರೋಗನಿರ್ಣಯವೆಲ್ಲ ಅದನ್ನೇ ಅವಲಂಬಿಸಿದೆ. ಗಾಲಿಗಳು ನೇರವಾಗಿದ್ದು ಸ್ಟೀರಿಂಗ್ ಚಕ್ರ ಓರೆಯಾಗಿದ್ದ ಸ್ಥಿತಿಯಿಂದ ಎಣಿಸಿದ್ದರೆ, ಸ್ಟೀರಿಂಗ್ ಚಕ್ರ ತನ್ನ ಸ್ಥಾನದಲ್ಲಿ ಸರಿಯಾಗಿಯೇ ಕುಳಿತಿದೆ, ಎರಡು ಟೈ ರಾಡ್‌ಗಳ ಉದ್ದ ಮಾತ್ರ ಏರುಪೇರಾಗಿದೆ ಎಂದರ್ಥ. ಚಕ್ರದ ಕಡ್ಡಿಗಳನ್ನು ನೇರವಾಗಿಟ್ಟುಕೊಂಡು ಎಣಿಸಿದ್ದರೆ ಟೈ ರಾಡ್‌ಗಳೂ ತಪ್ಪಿವೆ, ಸ್ಟೀರಿಂಗ್ ಚಕ್ರವೋ ಅದರ ಕೆಳಗಿನ ಜಾಯಿಂಟೋ ಹಲ್ಲು ತಪ್ಪಿ ಕುಳಿತಿದೆ. ಎರಡರಲ್ಲಿ ಯಾವುದೇ ಆಗಿರಲಿ, ಹಲ್ಲು ಸರಿಸಿದರೆ ಕಣ್ಣಿಗೆ ನೇರವಾಗಿ ಕಂಡೀತೇ ಹೊರತು ರ‍್ಯಾಕ್ ಒಂದು ಬದಿಗೆ ಬೇಗ ಮುಗಿಯುವುದು ತಪ್ಪುವುದಿಲ್ಲ, ಮತ್ತು ಇನ್ನೊಂದು ಬದಿಗೆ ಪೂರ್ತಿ ತಿರುಗಿಸಿದಾಗ ಟೈರು ಒಳಭಾಗಕ್ಕೆ ಉಜ್ಜುವ ಸಂಭವವೂ ಉಳಿಯುತ್ತದೆ.

ಜೋಡಣೆಯ ಲೆಕ್ಕ ಸ್ಟೀರಿಂಗ್ ಚಕ್ರದಿಂದಲ್ಲ, ರ‍್ಯಾಕ್‌ನ ನಡುಬಿಂದುವಿನಿಂದ ಆರಂಭವಾಗಬೇಕು. ಹಿಂದಿನ ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಕಾರಿನ ಮುಂಭಾಗವನ್ನು ಎತ್ತಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಬರಿಯ ಜಾಕನ್ನು ನಂಬಿ ಕಾರಿನಡಿ ಮಲಗಬೇಡಿ. ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿ, ಒಟ್ಟು ಸುತ್ತುಗಳನ್ನು ಎಣಿಸಿ, ಸರಿಯಾಗಿ ಅರ್ಧದಷ್ಟು ಹಿಂದಕ್ಕೆ ಬನ್ನಿ. ಅದೇ ನಡುಬಿಂದು. ಅಲ್ಲಿ ಕಡ್ಡಿಗಳು ಓರೆಯಾಗಿದ್ದರೆ ಆಗ ಮಾತ್ರ ಹಲ್ಲು ಸರಿಸಿ. ಅದಕ್ಕಾಗಿ ನಟ್ಟನ್ನು ಪೂರ್ತಿ ತೆಗೆಯದೆ ಎರಡು ಮೂರು ಥ್ರೆಡ್‌ಗಳಷ್ಟು ಉಳಿಸಿಕೊಂಡೇ ಚಕ್ರವನ್ನು ಎಳೆಯಬೇಕು. ಇಲ್ಲದಿದ್ದರೆ ಅದು ಒಮ್ಮೆಗೇ ಕಳಚಿಕೊಂಡು ಮುಖಕ್ಕೆ ಬಡಿಯುತ್ತದೆ. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆಯಲೇಬೇಡಿ, ಏಕೆಂದರೆ ಅಪಘಾತದಲ್ಲಿ ಕುಗ್ಗುವಂತೆ ಮಾಡಿದ ಸ್ಟೀರಿಂಗ್ ಕಾಲಂ ಇರುವ ಕಾರುಗಳಲ್ಲಿ ಆ ಪೆಟ್ಟಿಗೇ ಒಳಗಿನ ಪ್ಲಾಸ್ಟಿಕ್ ಪಿನ್ನುಗಳು ಮುರಿಯಬಹುದು.

ಕಡ್ಡಿಗಳು ನೇರವಾದ ಮೇಲೆ ಟೈ ರಾಡ್‌ಗಳ ಸರದಿ. ಎರಡೂ ಬದಿಗಳಲ್ಲಿ ಲಾಕ್ ನಟ್‌ನ ಆಚೆ ಕಾಣುವ ಥ್ರೆಡ್‌ನ ಉದ್ದವನ್ನು ಅಳೆಯಿರಿ. ನಿಮ್ಮ ಕಾರಿನಲ್ಲಿ ಅವು ಸಮವಾಗಿರಲಾರವು. ಉದ್ದ ಇರುವುದನ್ನು ಎಷ್ಟು ಗಿಡ್ಡ ಮಾಡುವಿರೋ ಇನ್ನೊಂದನ್ನು ಅಷ್ಟೇ ಉದ್ದ ಮಾಡಿದರೆ ಎರಡು ಗಾಲಿಗಳ ನಡುವಿನ ಹೊಂದಾಣಿಕೆ ಕೆಡದೆ, ರ‍್ಯಾಕ್ ನಡುವಿಗೆ ಬರುತ್ತದೆ. ರಾಡ್ ತಿರುಗುವಾಗ ಹೊಸ ಬೂಟ್ ಅದರೊಂದಿಗೆ ಹಿಂಡಿಕೊಳ್ಳದಂತೆ ಅದರ ಹೊರ ಕ್ಲಿಪ್ಪನ್ನು ಮೊದಲೇ ಸಡಿಲಿಸಿ. ಲಾಕ್ ನಟ್ಟನ್ನು ಬಿಗಿಯುವಾಗ ಎಂಡನ್ನು ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿದಿರದಿದ್ದರೆ ಬಾಲ್ ಜಾಯಿಂಟ್ ಓರೆಯಾಗಿ ನಿಂತು ಬೇಗ ಸವೆಯುತ್ತದೆ.

ಎಂಡ್‌ನ ಶಂಕುವಿನಾಕಾರದ ಕಾಂಡಕ್ಕೆ ಗ್ರೀಸ್ ಹಚ್ಚುವವರನ್ನು ಅಲ್ಲಲ್ಲಿ ಕಾಣುತ್ತೇವೆ. ಅದು ತಪ್ಪು: ಆ ಕಾಂಡ ತನ್ನ ತೂತಿನಲ್ಲಿ ಒಣಗಿದ್ದು ಕಚ್ಚಿಕೊಂಡರೇ ಭದ್ರ. ನಟ್ಟಿನ ಜೊತೆ ಕಾಂಡವೂ ತಿರುಗುತ್ತಿದ್ದರೆ ಕೆಳಗಿನಿಂದ ಜಾಕನ್ನು ಮೆಲ್ಲಗೆ ಒತ್ತಿ ಹಿಡಿದು ಬಿಗಿಯಿರಿ. ಬಿಗಿಯ ಪ್ರಮಾಣ ನಿಮ್ಮ ಮಾದರಿಯ ಕೈಪಿಡಿಯಲ್ಲಿ ಇರುವಷ್ಟೇ ಇರಲಿ. ಆಮೇಲೂ ನಟ್ಟು ಸಡಿಲವಾಗದಂತೆ ತೂರಿಸುವ ಸ್ಪ್ಲಿಟ್ ಪಿನ್ನಿನ ತೂತು ನಟ್ಟಿನ ಕಚ್ಚಿಗೆ ನೇರವಾಗದಿದ್ದರೆ ನಟ್ಟನ್ನು ಇನ್ನಷ್ಟು ಮುಂದಕ್ಕೆ ತಿರುಗಿಸಬೇಕು. ಎಂದಿಗೂ ಹಿಂದಕ್ಕೆ ಸಡಿಲಿಸಬಾರದು. ಪಿನ್ ಹೊಸದೇ ಆಗಿರಬೇಕು. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ಉಳಿತಾಯ ಇಲ್ಲಿ ಬೇಡ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಆತಂಕ ತರುವುದು ನೀವು ಒಂದು ಮಾತನ್ನೂ ಬರೆಯದ ಜಾಗ. ಸ್ಟೀರಿಂಗ್ ಶಾಫ್ಟನ್ನು ರ‍್ಯಾಕ್‌ನ ಪಿನಿಯನ್‌ಗೆ (ರ‍್ಯಾಕನ್ನು ಸರಿಸುವ ಚಿಕ್ಕ ಹಲ್ಲುಗಾಲಿ) ಸೇರಿಸುವ ಯೂನಿವರ್ಸಲ್ ಜಾಯಿಂಟ್ ಒಂದು ಅಡ್ಡ ಬೋಲ್ಟಿನಿಂದ ಬಿಗಿಯಾಗುತ್ತದೆ, ಮತ್ತು ಆ ಬೋಲ್ಟ್ ಪಿನಿಯನ್ ಶಾಫ್ಟಿನಲ್ಲಿ ಕೊರೆದಿರುವ ತೋಡಿನ ಮೂಲಕ ಹಾದುಹೋಗಬೇಕು. ಶಾಫ್ಟ್ ಪೂರ್ತಿ ಒಳಗೆ ಕೂರದಿದ್ದರೂ ಹಲ್ಲುಗಳು ಕಚ್ಚಿಕೊಂಡು ಸ್ಟೀರಿಂಗ್ ಕೆಲಸ ಮಾಡುತ್ತಲೇ ಇರುತ್ತದೆ. ಆದರೆ ಗುಂಡಿಬಿದ್ದ ರಸ್ತೆಯ ಕುಲುಕಾಟಕ್ಕೆ ಜಾಯಿಂಟ್ ಜಾರಿ ಹೊರಬಂದರೆ ಕೈಯಲ್ಲಿರುವ ಚಕ್ರಕ್ಕೂ ಗಾಲಿಗಳಿಗೂ ಸಂಬಂಧವೇ ಕಡಿಯುತ್ತದೆ. ಬೋಲ್ಟನ್ನು ಪೂರ್ತಿ ಹೊರತೆಗೆದು, ಕೈಯಿಂದಲೇ ಸಲೀಸಾಗಿ ಅದು ಹಾದುಹೋಗುತ್ತದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಬಡಿದು ತೂರಿಸಬೇಕಾಯಿತೆಂದರೆ ಶಾಫ್ಟ್ ಇನ್ನೂ ಕೂತಿಲ್ಲ. ಇದನ್ನು ನೋಡುವವರೆಗೆ ಕಾರನ್ನು ರಸ್ತೆಗೆ ಇಳಿಸಬೇಡಿ.

ತಾನಾಗಿ ಮರಳದಿರುವುದಕ್ಕೆ ಮೊದಲ ಅನುಮಾನ ನೀವು ಬಿಗಿಗೊಳಿಸಿದ ಆ ಸ್ಕ್ರೂವಿನ ಮೇಲೆಯೇ. ಹಳೆಯ ರ‍್ಯಾಕ್ ಹೆಚ್ಚು ಬಳಕೆಯಾಗುವ ನಡುಭಾಗದಲ್ಲಿ ಸವೆದಿರುತ್ತದೆ. ಅಲ್ಲಿನ ಸಡಿಲವನ್ನು ನೀಗಿಸುವಷ್ಟು ಬಿಗಿದರೆ ಸವೆಯದ ಎರಡು ತುದಿಗಳಲ್ಲಿ ಹಿಡಿದುಕೊಳ್ಳುತ್ತದೆ. ಗಾಲಿಗಳು ಮೇಲಿರುವಾಗಲೇ ಸ್ಕ್ರೂವನ್ನು ಸಡಿಲಿಸುತ್ತಾ ಬಂದು, ಒಂದು ಕೊನೆಯಿಂದ ಇನ್ನೊಂದಕ್ಕೆ ಎಲ್ಲಿಯೂ ತಡೆಯಿಲ್ಲದೆ ತಿರುಗುವ ಜಾಗದಲ್ಲಿ ನಿಲ್ಲಿಸಿ. ಆಗಲೂ ಶಬ್ದ ಉಳಿದರೆ ರ‍್ಯಾಕ್ ಬದಲಿಸುವ ಕಾಲ ಬಂದಿದೆ.

ಇಷ್ಟಾದ ಮೇಲೆ ನಿಧಾನವಾಗಿ ವೀಲ್ ಅಲೈನ್‌ಮೆಂಟ್ ಅಂಗಡಿಗೆ ಹೋಗಿ. ಅಲ್ಲಿಯೂ ಸ್ಟೀರಿಂಗ್ ಚಕ್ರ ಬಿಚ್ಚಿ ನೇರ ಮಾಡಿಕೊಡುತ್ತೇವೆಂದರೆ ಒಪ್ಪಬೇಡಿ, ಟೈ ರಾಡ್‌ಗಳಲ್ಲೇ ಸರಿಪಡಿಸಲು ಹೇಳಿ.

ಪ್ರಶ್ನೆ: ಏರ್‌ಬ್ಯಾಗ್ ಮತ್ತು ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ 2021ರ ಕಾರಿನಲ್ಲಿ ಟೈ ರಾಡ್ ಎಂಡ್‌ಗಳನ್ನು ಮನೆಯಲ್ಲಿ ಬದಲಿಸಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಎಂಡ್‌ಗಳನ್ನು ಮಾತ್ರವಾದರೆ ಬದಲಿಸಬಹುದು, ಏರ್‌ಬ್ಯಾಗ್‌ಗೂ ಆ ಕೆಲಸಕ್ಕೂ ಸಂಬಂಧವಿಲ್ಲ. ಹಳೆಯ ಎಂಡ್ ಎಷ್ಟು ಸುತ್ತಿಗೆ ಕಳಚಿತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ, ನಂತರ ಅಲೈನ್‌ಮೆಂಟ್ ಮಾಡಿಸಿ. ರ‍್ಯಾಕನ್ನು ಇಳಿಸಿ ಜಾಯಿಂಟನ್ನು ಬೇರ್ಪಡಿಸುವುದಾದರೆ ಮಾತು ಬೇರೆ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರುಗಳಿಗೂ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿರುವುದರಿಂದ ಸ್ಟೀರಿಂಗ್ ಚಕ್ರದ ಹಿಂದೆ ಕ್ಲಾಕ್ ಸ್ಪ್ರಿಂಗ್ ಎಂಬ ಸುರುಳಿಯಾದ ತೆಳು ಕೇಬಲ್ ಇರುತ್ತದೆ. ಅದು ಎರಡೂ ಬದಿಗೆ ಕೆಲವೇ ಸುತ್ತು ತಾಳಬಲ್ಲದು. ಜಾಯಿಂಟ್ ಬಿಚ್ಚಿದಾಗ ಸ್ಟೀರಿಂಗ್ ಚಕ್ರ ತಿರುಗಿಹೋದರೆ, ಮರುಜೋಡಣೆಯ ನಂತರ ಮೊದಲ ದೊಡ್ಡ ತಿರುವಿನಲ್ಲೇ ಕೇಬಲ್ ಹರಿದು ಏರ್‌ಬ್ಯಾಗ್ ದೀಪ ಹೊತ್ತುತ್ತದೆ, ಹಾರ್ನ್ ಕೂಡ ನಿಲ್ಲಬಹುದು. ಆದ್ದರಿಂದ ಕಡ್ಡಿಗಳನ್ನು ನೇರವಾಗಿಟ್ಟು, ಚಕ್ರವನ್ನು ಸೀಟಿಗೆ ಬೆಲ್ಟಿನಿಂದ ಕಟ್ಟಿಯೇ ಜಾಯಿಂಟಿಗೆ ಕೈ ಹಾಕಬೇಕು. ಏರ್‌ಬ್ಯಾಗ್ ಘಟಕವನ್ನೇ ತೆಗೆಯುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿ; ಸ್ಟೀರಿಂಗ್ ಕೋನದ ಸೆನ್ಸರ್ ಇರುವ ಕಾರುಗಳಲ್ಲಿ ಅದರ ಸೊನ್ನೆಯನ್ನು ಸ್ಕ್ಯಾನರ್ ಬಳಸಿ ಮರುಹೊಂದಿಸಬೇಕಾಗಿ ಬರುವುದರಿಂದ ಹೇಗಿದ್ದರೂ ವರ್ಕ್‌ಶಾಪ್‌ಗೆ ಒಮ್ಮೆ ಹೋಗಲೇಬೇಕಾದೀತು.