ಓದೋದು, ಓದೋಕೆ, ಓದಿದ್ದು: ಟು ಮತ್ತು ಇಂಗ್ ಗೊಂದಲಕ್ಕೆ ನನ್ನ ಉತ್ತರ

ನಿಮ್ಮ ಪ್ರಶ್ನೆ ಇದು: "ಐ ಎಂಜಾಯ್ ಟು ರೀಡ್" ತಪ್ಪು, "ಐ ವಾಂಟ್ ರೀಡಿಂಗ್" ಕೂಡ ತಪ್ಪು. ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದ ಆದಮೇಲೆ ಟು (ಟು ರೀಡ್), ಯಾವುದಾದಮೇಲೆ ಇಂಗ್ (ರೀಡಿಂಗ್) ಅಂತ ಬೇರೆ ಬೇರೆ ಪಟ್ಟಿ ಸಿಕ್ಕಿದೆ, ಬಾಯಿಪಾಠವೂ ಮಾಡಿದ್ದೀರಿ, ಹತ್ತು ದಿನಕ್ಕೆ ಎಲ್ಲ ಕಲಸಿಹೋಗಿದೆ. ಇದಕ್ಕೊಂದು ಸೂತ್ರ ಇಲ್ವಾ? ಇದರ ಕೆಳಗೆ ಒಬ್ಬರು "ಟು ಅಂದ್ರೆ ಮುಂದೆ ಆಗೋದು, ಇಂಗ್ ಅಂದ್ರೆ ಆಗಿಹೋದದ್ದು, ಅಷ್ಟೇ" ಅಂತ ಬರೆದಿದ್ದಾರೆ. ಅಲ್ಲಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನಾನೂ ಅದನ್ನೇ ನಂಬಿಕೊಂಡು ಸುಮಾರು ಕಾಲ ಎಡವಿದವನು.

ಆ ಮಾತು ಅರ್ಧ ನಿಜ. ವಾಂಟ್, ಹೋಪ್, ಪ್ಲಾನ್, ಡಿಸೈಡ್, ಪ್ರಾಮಿಸ್ ಇವೆಲ್ಲ ಇನ್ನೂ ಆಗದ ಕೆಲಸದ ಕಡೆ ಮುಖ ಮಾಡಿದ ಕ್ರಿಯಾಪದಗಳು. ಇವಕ್ಕೆ ಟು ಬೇಕು. ಎಂಜಾಯ್, ಫಿನಿಷ್, ಅಡ್ಮಿಟ್, ಡಿನೈ ಇವು ನಡೀತಿರೋ ಅಥವಾ ನಡೆದುಹೋದ ಕೆಲಸದ ಮಾತು, ಇವಕ್ಕೆ ಇಂಗ್. ಇಲ್ಲಿವರೆಗೆ ಸರಿ. ಆದರೆ ಪೋಸ್ಟ್‌ಪೋನ್ ತಗೊಳ್ಳಿ. ಮುಂದೂಡಿದ ಕೆಲಸ ಇನ್ನೂ ಆಗೇ ಇಲ್ಲ, ಆದರೂ "ಪೋಸ್ಟ್‌ಪೋನ್ ಗೋಯಿಂಗ್". ಸಜೆಸ್ಟ್, ಕನ್ಸಿಡರ್ ಕೂಡ ಹಾಗೇ. ಇನ್ನೊಂದು ಕಡೆ ಮ್ಯಾನೇಜ್: "ಐ ಮ್ಯಾನೇಜ್ಡ್ ಟು ಓಪನ್ ಇಟ್" ಅಂದಾಗ ಡಬ್ಬಿ ತೆರೆದೇ ಆಗಿದೆ, ಆದರೂ ಟು. ಹಾಗಾಗಿ ಆ ಸೂತ್ರವನ್ನು ಊರುಗೋಲು ಮಾಡ್ಕೊಳ್ಳಿ, ಕಾಲು ಮಾಡ್ಕೋಬೇಡಿ.

ನನ್ನ ಅನುಭವದಲ್ಲಿ ಇದನ್ನು ಎರಡು ಬೇರೆ ಸಮಸ್ಯೆ ಅಂತ ನೋಡಿದರೆ ಅರ್ಧ ಭಾರ ಇಳಿಯುತ್ತೆ. ಕೆಲವು ಕ್ರಿಯಾಪದಗಳಿಗೆ ಎರಡೂ ಬರುತ್ತೆ, ಆದರೆ ಅರ್ಥ ಬದಲಾಗುತ್ತೆ. ಉಳಿದ ಬಹುಪಾಲು ಕ್ರಿಯಾಪದಗಳಿಗೆ ಒಂದೇ ರೂಪ ಸರಿ, ಅಲ್ಲಿ ಅರ್ಥದ ಪ್ರಶ್ನೆಯೇ ಇಲ್ಲ, ಬರೀ ರೂಢಿ. ಜನ ಹೆದರೋದು ಮೊದಲನೆಯದಕ್ಕೆ. ನಮಗೆ ಸುಲಭವಾದದ್ದೂ ಅದೇ, ಯಾಕಂದ್ರೆ ಆ ವ್ಯತ್ಯಾಸ ನಾವು ದಿನಾ ಆಡೋ ಕನ್ನಡದಲ್ಲೇ ಕೂತಿದೆ.

ಸ್ಟಾಪ್ ನೋಡಿ. "ಹಿ ಸ್ಟಾಪ್ಡ್ ಸ್ಮೋಕಿಂಗ್" ಅಂದ್ರೆ ಸೇದೋದು ಬಿಟ್ಟ. "ಹಿ ಸ್ಟಾಪ್ಡ್ ಟು ಸ್ಮೋಕ್" ಅಂದ್ರೆ ದಾರಿಯಲ್ಲಿ ಹೋಗ್ತಾ ಇದ್ದವನು ಸೇದೋಕೆ ನಿಂತ. ಸೇದೋದು, ಸೇದೋಕೆ. ಯಾವ ವ್ಯಾಕರಣ ಪುಸ್ತಕವೂ ಬೇಡ, ಕಿವಿಯೇ ಹೇಳುತ್ತೆ.

ಟ್ರೈ ಇನ್ನೂ ಚೆಂದ. "ಐ ಟ್ರೈಡ್ ಟು ಓಪನ್ ದ ವಿಂಡೋ": ಕಿಟಕಿ ತೆರೆಯೋಕೆ ಪ್ರಯತ್ನಪಟ್ಟೆ, ಬಹುಶಃ ಜಾಮ್ ಆಗಿತ್ತು, ಬರಲಿಲ್ಲ. "ಐ ಟ್ರೈಡ್ ಓಪನಿಂಗ್ ದ ವಿಂಡೋ": ಕಿಟಕಿ ತೆರೆದು ನೋಡಿದೆ, ಆದರೂ ಸೆಕೆ ಹೋಗಲಿಲ್ಲ. "ಮಾಡಿ ನೋಡು" ಅನ್ನೋ ನಮ್ಮ ಮಾತೇ ಟ್ರೈ ಡೂಯಿಂಗ್. ಇದನ್ನು ಇಂಗ್ಲಿಷಿನಲ್ಲೇ ವಿವರಿಸೋಕೆ ಹೋದವರು ಅರ್ಧ ಪುಟ ಬರೀತಾರೆ. ನಮಗೆ ಎರಡು ಪದ ಸಾಕು.

ಈಗ ರಿಮೆಂಬರ್ ಮತ್ತು ಫರ್ಗೆಟ್. ಇಲ್ಲಿ ಸ್ವಲ್ಪ ಹುಷಾರು. "ಬೀಗ ಹಾಕೋದು ಮರೆತೆ" ಅಂತೀವಲ್ಲ, ಅಲ್ಲಿ "ಹಾಕೋದು" ಅಂತ ಕೇಳಿಸಿತು ಅಂತ "ಐ ಫರ್ಗಾಟ್ ಲಾಕಿಂಗ್" ಅಂದ್ರೆ ಕೆಟ್ಟಿತು. ಬೀಗ ಹಾಕೇ ಇಲ್ಲ, ಆದ್ದರಿಂದ "ಐ ಫರ್ಗಾಟ್ ಟು ಲಾಕ್ ದ ಡೋರ್". ಇಲ್ಲಿ ನೋಡಬೇಕಾದ ಜೋಡಿ ಹಾಕೋದು-ಹಾಕೋಕೆ ಅಲ್ಲ, ಹಾಕೋದು-ಹಾಕಿದ್ದು. ಹಾಕಿದ್ದು ನೆನಪಿದೆ, ಅಂದ್ರೆ "ಐ ರಿಮೆಂಬರ್ ಲಾಕಿಂಗ್". ಹಾಕೋದನ್ನ ನೆನಪಿಟ್ಕೋ, ಅಂದ್ರೆ "ರಿಮೆಂಬರ್ ಟು ಲಾಕ್". "ಆ ದಿನ ಭೇಟಿಯಾಗಿದ್ದು ಯಾವತ್ತೂ ಮರೆಯಲ್ಲ" ಅನ್ನೋಕೆ "ಐ ವಿಲ್ ನೆವರ್ ಫರ್ಗೆಟ್ ಮೀಟಿಂಗ್ ಹರ್". ರಿಗ್ರೆಟ್ ಕೂಡ ಇದೇ ಗುಂಪು: ಹಾಗೆ ಹೇಳಿದ್ದಕ್ಕೆ ಪಶ್ಚಾತ್ತಾಪ, "ಐ ರಿಗ್ರೆಟ್ ಸೇಯಿಂಗ್ ದಟ್". ಕಚೇರಿ ಪತ್ರಗಳಲ್ಲಿ ಬರೋ "ತಿಳಿಸಲು ವಿಷಾದಿಸುತ್ತೇವೆ" ಮಾತ್ರ "ವಿ ರಿಗ್ರೆಟ್ ಟು ಇನ್‌ಫಾರ್ಮ್ ಯು". ತಿಳಿಸೋದು ಇನ್ನೂ ಮುಂದಿನ ಸಾಲಲ್ಲಿದೆ, ಅದಕ್ಕೆ.

ಇದೇ ಕಿವಿ ಸೀ, ಹಿಯರ್ ಜೊತೆಗೂ ಕೆಲಸ ಮಾಡುತ್ತೆ. ರಸ್ತೆ ದಾಟ್ತಿರೋದನ್ನ ನೋಡಿದೆ: "ಐ ಸಾ ಹಿಮ್ ಕ್ರಾಸಿಂಗ್ ದ ರೋಡ್". ದಾಟಿದ್ದನ್ನ, ಅಂದ್ರೆ ಈ ಕಡೆಯಿಂದ ಆ ಕಡೆ ಮುಟ್ಟೋವರೆಗೂ ನೋಡಿದೆ: "ಐ ಸಾ ಹಿಮ್ ಕ್ರಾಸ್ ದ ರೋಡ್". ಎರಡನೆಯದರಲ್ಲಿ ಟುನೂ ಇಲ್ಲ, ಇಂಗೂ ಇಲ್ಲ, ಬರಿಗೈ ಕ್ರಿಯಾಪದ. ಮೇಕ್, ಲೆಟ್ ಕೂಡ ಬರಿಗೈನೇ ಬಯಸುತ್ತವೆ. ಕಾಯಿಸಿದರು, "ದೇ ಮೇಡ್ ಮಿ ವೇಯ್ಟ್". ಹೋಗೋಕೆ ಬಿಡು, "ಲೆಟ್ ಹಿಮ್ ಗೋ". ಹೋಗೋಕೆ ಅನ್ನೋದನ್ನ ಕೇಳಿ "ಲೆಟ್ ಹಿಮ್ ಟು ಗೋ" ಅಂದುಬಿಡೋದು ನಮ್ಮಲ್ಲಿ ತುಂಬ ಸಾಮಾನ್ಯ ತಪ್ಪು.

ಅಂದ್ರೆ ಕನ್ನಡ ಎಲ್ಲ ಕಡೆ ಕೈ ಹಿಡಿಯಲ್ಲ. ಅತಿ ಹೆಚ್ಚು ಕೈ ಕೊಡೋದು "ಅಂತ" ಇರೋ ಕಡೆ. "ನೀವು ಬರಬೇಕು ಅಂತ ನನ್ನಾಸೆ" ಅನ್ನೋದು ನೇರವಾಗಿ "ಐ ವಾಂಟ್ ದಟ್ ಯು ಶುಡ್ ಕಮ್" ಆಗಿಬಿಡುತ್ತೆ. ಇಂಗ್ಲಿಷಿನವರು ಅಲ್ಲಿ "ಅಂತ" (ದಟ್) ಹಾಕಲ್ಲ, ವ್ಯಕ್ತಿಯನ್ನ ಮಧ್ಯೆ ಕೂರಿಸಿ ಟು ಹಾಕ್ತಾರೆ: "ಐ ವಾಂಟ್ ಯು ಟು ಕಮ್". ಟೆಲ್, ಆಸ್ಕ್, ಅಡ್ವೈಸ್ ಎಲ್ಲ ಈ ಅಚ್ಚಿನಲ್ಲೇ: "ಶಿ ಟೋಲ್ಡ್ ಮಿ ಟು ವೇಯ್ಟ್". ಅಚ್ಚು ಕೂತ ಮೇಲೆ ಅದನ್ನ ಸಜೆಸ್ಟ್‌ಗೂ ಹಾಕ್ತೀವಿ, ಅಲ್ಲಿ ಒಪ್ಪಲ್ಲ. "ಸಜೆಸ್ಟೆಡ್ ಮಿ ಟು ಗೋ" ಅಂತ ಇಲ್ಲ. "ಸಜೆಸ್ಟೆಡ್ ಗೋಯಿಂಗ್" ಅಥವಾ "ಸಜೆಸ್ಟೆಡ್ ದಟ್ ಐ ಗೋ". ವಿಚಿತ್ರ ಅಂದ್ರೆ, ವಾಂಟ್ ಜೊತೆ ಬೇಡ ಅಂದ ಆ "ಅಂತ" ಇಲ್ಲಿ ನಡೆಯುತ್ತೆ.

ಇನ್ನು ನಾನು ವರ್ಷಗಟ್ಟಲೆ ಮಾಡಿದ ತಪ್ಪು. ಪ್ರತಿ ಈಮೇಲ್ ಕೊನೆಗೆ "ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು" ಅಂತ ಬರೀತಿದ್ದೆ. ಯಾರೂ ತಿದ್ದಲಿಲ್ಲ, ಎಲ್ಲರಿಗೂ ಅರ್ಥ ಆಗ್ತಿತ್ತಲ್ಲ. ಟು ಅನ್ನೋದರಲ್ಲಿ ಎರಡು ಜಾತಿ ಇದೆ ಅಂತ ಗೊತ್ತಾಗಿದ್ದು ಆಮೇಲೆ. ಒಂದು ಕ್ರಿಯಾಪದದ ಬಾಲಂಗೋಚಿ, ಇನ್ನೊಂದು ನಮ್ಮ "ಗೆ" ಪ್ರತ್ಯಯದ ಹಾಗೆ ನಾಮಪದಕ್ಕೆ ಅಂಟೋದು. ಪರೀಕ್ಷೆ ಸುಲಭ: ಟು ಆದಮೇಲೆ ಒಂದು ನಾಮಪದ ಇಟ್ಟು ನೋಡಿ. "ಲುಕಿಂಗ್ ಫಾರ್ವರ್ಡ್ ಟು ಯುವರ್ ಲೆಟರ್" ಸರಿಹೋಗುತ್ತೆ, ಹಾಗಾಗಿ ಇದು ಎರಡನೇ ಜಾತಿ, ಮುಂದೆ ಕ್ರಿಯೆ ಬಂದರೆ ಇಂಗ್ ಬೇಕು. "ವಾಂಟ್ ಟು ಯುವರ್ ಲೆಟರ್" ಅರ್ಥವೇ ಆಗಲ್ಲ, ಹಾಗಾಗಿ ಅದು ಮೊದಲನೇ ಜಾತಿ. ಯೂಸ್ಡ್ ಟು ಗೊಂದಲವೂ ಇದೇ. "ಐ ಯೂಸ್ಡ್ ಟು ವೇಕ್ ಅಪ್ ಅರ್ಲಿ" ಅಂದ್ರೆ ಮೊದಲೆಲ್ಲ ಬೇಗ ಏಳ್ತಿದ್ದೆ, ಈಗಿಲ್ಲ. "ಐ ಆಮ್ ಯೂಸ್ಡ್ ಟು ವೇಕಿಂಗ್ ಅಪ್ ಅರ್ಲಿ" ಅಂದ್ರೆ ಬೇಗ ಏಳೋದಕ್ಕೆ ಒಗ್ಗಿಹೋಗಿದ್ದೀನಿ. ಏಳೋದಕ್ಕೆ, ಅಲ್ಲೇ ಕ್ಕೆ ಇದೆ ನೋಡಿ. ಇನ್, ಆಫ್, ಫಾರ್, ಅಟ್, ವಿದೌಟ್ ಮುಂತಾದವುಗಳ ಪಕ್ಕದಲ್ಲೂ ಯಾವಾಗಲೂ ಇಂಗ್. ಅಲ್ಲಿ ಯೋಚನೆಯೇ ಬೇಡ.

ಸ್ಟಾರ್ಟ್, ಬಿಗಿನ್, ಕಂಟಿನ್ಯೂ ಬಗ್ಗೆ ತಲೆ ಕೆಡಿಸ್ಕೋಬೇಡಿ, ಎರಡೂ ನಡೆಯುತ್ತೆ. "ಸ್ಟಾರ್ಟಿಂಗ್ ರೇನಿಂಗ್" ಅಂತ ಇಂಗ್ ಮೇಲೆ ಇಂಗ್ ಪೇರಿಸಬೇಡಿ, ಅಷ್ಟೇ. ಲೈಕ್‌ಗೂ ಎರಡೂ ಸರಿ, ಆದರೆ "ಐ ವುಡ್ ಲೈಕ್" ಅಂದಮೇಲೆ ಟು ಮಾತ್ರ.

ಉಳಿದದ್ದು ರೂಢಿಯ ಗುಂಪು, ನಿಮ್ಮ ಪಟ್ಟಿಗಳು ಸೋತಿದ್ದು ಇಲ್ಲೇ. ಪದವನ್ನ ಒಂಟಿಯಾಗಿ ಕಲಿತು ಆಮೇಲೆ "ಇದು ಯಾವ ಪಟ್ಟಿ?" ಅಂತ ಹುಡುಕಿದರೆ ಮಾತಾಡೋ ವೇಗಕ್ಕೆ ಅದು ಸಿಗಲ್ಲ. ಬಾಲ ಸಮೇತ ಕಲೀರಿ. ನೋಟ್‌ಬುಕ್‌ನಲ್ಲಿ ಅವಾಯ್ಡ್ ಅಂತ ಬರೀಬೇಡಿ, "ಅವಾಯ್ಡ್ ಡೂಯಿಂಗ್" ಅಂತ ಬರೀರಿ. ರೆಫ್ಯೂಸ್ ಅಲ್ಲ, "ರೆಫ್ಯೂಸ್ ಟು ಡೂ". ಪಕ್ಕದಲ್ಲಿ ನಿಮ್ಮದೇ ಬದುಕಿನ ಒಂದು ನಿಜವಾದ ವಾಕ್ಯ. ಪುಸ್ತಕದ ಉದಾಹರಣೆ ನಕಲು ಮಾಡಿದರೆ ನೆನಪಲ್ಲಿ ನಿಲ್ಲಲ್ಲ. ನೀವು ಯಾವ ಫೋನ್ ಕಾಲ್ ತಪ್ಪಿಸ್ಕೊಳ್ತಿದ್ದೀರಿ ಅಂತ ಬರೆದರೆ ನಿಲ್ಲುತ್ತೆ. ದಿನಕ್ಕೆ ಎರಡು ಸಾಕು.

ಬಾಲ ಯಾವುದು ಅಂತ ಗೊತ್ತಿಲ್ಲದಾಗ ಇಂಗ್ಲಿಷ್-ಕನ್ನಡ ನಿಘಂಟು ನೋಡಿ ಪ್ರಯೋಜನ ಕಡಿಮೆ, ಅದು ಅರ್ಥ ಕೊಟ್ಟು ಸುಮ್ಮನಾಗುತ್ತೆ. ಕಲಿಯುವವರಿಗೆ ಅಂತಲೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ನೋಡಿ. ಈ ಬಗೆಯ ನಿಘಂಟಿಗೆ ದಾರಿ ಮಾಡಿದವರಲ್ಲಿ ಎ. ಎಸ್. ಹಾರ್ನ್‌ಬಿ ಮುಖ್ಯರು. ಜಪಾನಿನಲ್ಲಿ ಇಂಗ್ಲಿಷ್ ಕಲಿಸ್ತಿದ್ದ ಮೇಷ್ಟ್ರು, ಅವರ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯ್ತು. ಪದದ ಅರ್ಥ ಗೊತ್ತಿದ್ದರೂ ವಾಕ್ಯ ಕಟ್ಟೋದರಲ್ಲಿ ಎಡವೋ ವಿದ್ಯಾರ್ಥಿಗಳಿಗಾಗಿ, ಯಾವ ಕ್ರಿಯಾಪದ ಆದಮೇಲೆ ಏನು ಬರಬೇಕು ಅನ್ನೋದನ್ನೂ ಅದರಲ್ಲಿ ಸೇರಿಸಿದರು. ಇವತ್ತಿನ ಇಂಥ ನಿಘಂಟುಗಳಲ್ಲೂ ಅರ್ಥದ ಹತ್ತಿರ ಸಣ್ಣಕ್ಷರದಲ್ಲಿ ಅದು ಇರುತ್ತೆ. ನಾವು ಅದನ್ನ ಹಾರಿಸಿ ಓದ್ತೀವಿ.

ಕೊನೆಗೆ ನೀವು ತಿದ್ದಿ ಅಂತ ಹಾಕಿದ್ದ ಮೂರು ವಾಕ್ಯ. "ಮೈ ಫ್ರೆಂಡ್ ಸಜೆಸ್ಟೆಡ್ ಮಿ ಟು ಜಾಯಿನ್ ದಿಸ್ ಗ್ರೂಪ್" ಅನ್ನೋದನ್ನ "ಸಜೆಸ್ಟೆಡ್ ದಟ್ ಐ ಜಾಯಿನ್" ಮಾಡಿ. ಅಥವಾ ಮೊದಲ ಕ್ರಿಯಾಪದವನ್ನೇ ಬದಲಿಸಿ "ಅಡ್ವೈಸ್ಡ್ ಮಿ ಟು ಜಾಯಿನ್" ಅನ್ನಿ. "ಐ ಆಮ್ ಇಂಟರೆಸ್ಟೆಡ್ ಇನ್ ಟು ಲರ್ನ್" ಅಲ್ಲ, "ಇನ್ ಲರ್ನಿಂಗ್". ಮೂರನೆಯದು, "ಲಾಸ್ಟ್ ವೀಕ್ ಐ ಸ್ಟಾಪ್ಡ್ ಟು ವಾಚ್ ವಿಡಿಯೋಸ್", ವ್ಯಾಕರಣದ ಪ್ರಕಾರ ಸರಿಯಾಗೇ ಇದೆ. ವಿಡಿಯೋ ನೋಡೋದು ಬಿಟ್ಟೆ ಅಂತ ಹೇಳೋಕೆ ಹೊರಟಿದ್ದೀರಿ ಅನ್ಸುತ್ತೆ, ಬರೆದಿರೋದು ಮಾತ್ರ ಮಾಡ್ತಿದ್ದ ಕೆಲಸ ಬಿಟ್ಟು ವಿಡಿಯೋ ನೋಡೋಕೆ ಕೂತೆ ಅಂತ. ಯಾವುದು ನಿಜವೋ ನೋಡಿಕೊಂಡು ತಿದ್ದಿ.